ಮೂರನೆಯ ಗಾಲಿ

ಜೂನ್ 2, ಸೋಮವಾರ

ರೊಟ್ಟಿ ಬಡಿಯುತ್ತಿರುವಾಗಲೇ ಮೈಲೂರಿನಿಂದ ಫೋನು. ಬಟ್ಟೆ ಒಗೆಯುವ ಮಷೀನು ನೀರು ತುಂಬಿಕೊಂಡು ನಿಂತಿದೆ, ಬಾಗಿಲು ತೆರೆಯುತ್ತಿಲ್ಲ. ಮಧ್ಯಾಹ್ನ ಬರುತ್ತೇನೆ ಎಂದೆ. ನನ್ನ ರಿಪೇರಿ ಅಂಗಡಿಯಲ್ಲಿ ಆಗಲೇ ಎರಡು ಬಿಚ್ಚಿಟ್ಟಿದ್ದೇನೆ. ಒಂದರ ಬೇರಿಂಗ್ ಹೋಗಿದೆ. ಇನ್ನೊಂದರ ಪೈಪಿನಲ್ಲಿ ಮಗುವಿನ ಕಾಲುಚೀಲ.

ಇವತ್ತು ನಮ್ಮ ಮನೆಯವರು, ನಾಗಸೇನ ಮಾಸ್ತರರು, ಪಾಠ ಮಾಡಲು ಶಾಲೆಗೆ ಹೋಗುವ ದಿನ. ನೀರಿನ ಟ್ಯಾಂಕು ತೊಳೆಯಲು ಹತ್ತಿ ಬಿದ್ದ ಮೇಲೆ ಮೊದಲ ಸಲ. ಒಂದೂವರೆ ವರ್ಷ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಎಡಗೈ ಮಣಿಕಟ್ಟಿನ ನರ ಹೋಗಿ ಬೆರಳು ಮುಚ್ಚುವುದಿಲ್ಲ. ತಲೆಯೊಳಗಿನ ಗಣಿತ ಮಾತ್ರ ಮುರಿದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಆಟೋದವನು, ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಸೇರಿ ಎತ್ತಿದರು. ನಾನು ಹಿಂದೆ ಸ್ಕೂಟಿಯಲ್ಲಿ. ಶಾಲೆಯ ಗೇಟಿನಲ್ಲಿ ಇಳಿಸುವಾಗ ಒಂದು ಚಪ್ಪಲಿ ಬಿತ್ತು. ಹುಡುಗ ಓಡಿ ತಂದು ಕಾಲಿಗೆ ಸಿಕ್ಕಿಸಿದ. ಎಡದ್ದು ಬಲಕ್ಕೆ. ಇವರು ನೋಡುತ್ತ ಕೂತಿದ್ದರು.

ಸಂಜೆ ಮನೆಗೆ ಬಂದ ಮೇಲೆ ಅಂದರು — "ನಾಳಿಂದ ಹೋಗಂಗಿಲ್ಲ."

"ಯಾಕ್ರಿ?"

"ಎತ್ತೂ ಮುಂದ ಹುಡುಗ್ರು ನನ್ನ ತೂಕ ಮಾತಾಡ್ಲತ್ತಿದ್ರು. ಅರವತ್ತು ಕಿಲೋ ಅಂತ ಒಬ್ಬ, ಎಪ್ಪತ್ತು ಅಂತ ಇನ್ನೊಬ್ಬ. ನಾನೇ ಕಲಿಸಿದ ಹುಡುಗ್ರು. ಅಂದಾಜು ಬರೋಬರ್ ಅದ." ನಕ್ಕರು. ಆಮೇಲೆ ನಗಲಿಲ್ಲ. "ನಾನಾಗೇ ಹೋಗೂಹಂಗಾದ್ರ ಹೋಗ್ತೇನಿ. ಇಲ್ಲಂದ್ರ ಬ್ಯಾಡ."

ಒಂದೇ ಕೈಯಲ್ಲಿ ಗಾಲಿ ತಳ್ಳಿದರೆ ಕುರ್ಚಿ ಇದ್ದಲ್ಲೇ ಸುತ್ತುತ್ತದೆ. ಕಂಪನಿಯವರು ಮಾಡಿದ ಬ್ಯಾಟರಿ ಗಾಲಿಯನ್ನು ಅಂಗವಿಕಲರಿಗೆ ಸಾಧನ ಹಂಚುವ ಶಿಬಿರದಲ್ಲಿ ನೋಡಿದ್ದೆವು — ವೀಲ್‌ಚೇರಿನ ಮುಂದೆ ಸಿಕ್ಕಿಸಿದರೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಎರಡೂ ಕೈ ಬೇಕು. ಎಡಗೈ ಜಾರಿ ಜಾರಿ ಬಿತ್ತು. ಕೊಡುವವರಿಗೂ ಬೇಜಾರಾಯಿತು.

ಮಧ್ಯಾಹ್ನ ಮೈಲೂರಿನ ಮಷೀನು ರಿಪೇರಿ ಮಾಡಿ ಓಡಿಸಿ ನೋಡಿದ್ದು ಈಗ ತಲೆಗೆ ಬಂತು. ಒದ್ದೆ ಕಂಬಳಿ ತುಂಬಿದ ಡ್ರಮ್ಮು. ಮೋಟರು ಸದ್ದೇ ಇಲ್ಲದೆ ತಿರುಗಿಸುತ್ತಿತ್ತು. ಇದು ಒಬ್ಬ ಮನುಷ್ಯನನ್ನು ಎಳೆಯಲಾರದೇ?

ಇವರಿಗೆ ಹೇಳಿಲ್ಲ.

ಜೂನ್ 5, ಗುರುವಾರ

ಭಾಲ್ಕಿಗೆ ಹೋಗಿ ಬಂದೆ. ಅಬ್ದುಲ ಸಮದ ಅವರ ಗುಜರಿ ಅಂಗಡಿ. ಐಟಿಐ ಮುಗಿಸಿ ಅಂಗಡಿ ಹಾಕಿದಾಗಿನಿಂದ ಹಳೆಯ ಬಿಡಿಭಾಗ ಅವರಲ್ಲೇ ತರುತ್ತೇನೆ.

"ಬೆಲ್ಟಿಂದು ಬ್ಯಾಡ್ರಿ ಭಾಯಿ. ಡ್ರಮ್ಮಿಗೇ ಕೂತಿರ್ತದಲ್ಲಾ, ಚಪ್ಪಟಿ ಮೋಟರ್, ಅದು ಬೇಕು."

"ಅದು ಯಾರಿಗಿ ಬೇಕು ಬೆಹನ್? ತಾಮ್ರ ಸುಲದು ಮಾರ್ತಾರ, ಅಷ್ಟೇ."

"ನಂಗ ತಿರುಗೂದು ಬೇಕ್ರಿ."

ರಾಶಿಯೊಳಗಿಂದ ಒಂದನ್ನು ಎಳೆದರು. ಹಿಟ್ಟು ನಾದುವ ಪರಾತದಷ್ಟು ಅಗಲ. ಒಳಗೆ ಸುತ್ತಲೂ ತಾಮ್ರದ ಸುರುಳಿಗಳು, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಆಯಸ್ಕಾಂತದ ಬಳೆ. ಕೈಯಲ್ಲಿ ತಿರುಗಿಸಿದೆ. ಕಟಕಟ ಎಂದು ತಡೆದು ತಡೆದು ತಿರುಗಿತು. ಜೀವ ಇದೆ.

ಏನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಲುಂಗಿಯ ಅಂಚಿನಿಂದ ಆಯಸ್ಕಾಂತಕ್ಕೆ ಹತ್ತಿದ ಕಬ್ಬಿಣದ ಪುಡಿ ಒರೆಸಿದರು.

"ಮಾಸ್ತರ್ ಸಾಬರಿಗಿ ಸಲಾಂ ಹೇಳ್ರಿ. ಜರಾ ನೋಡ್ಕೊಂಡ ಮಾಡ್ರಿ ಬೆಹನ್. ಇಷ್ಟ ದಿನ ನೀವು ಬಟ್ಟಿ ತಿರಗಸೂ ಮಷೀನ್ ರಿಪೇರಿ ಮಾಡೀರಿ."

ಬಸ್ಸಿನಲ್ಲಿ ಮೋಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅವರು ಹೇಳದೆ ಬಿಟ್ಟ ಮಾತು ಬೀದರ್ ಬರುವ ತನಕ ಕಿವಿಯಲ್ಲಿತ್ತು.

ಜೂನ್ 9, ಸೋಮವಾರ

ಹೇಳಿಬಿಟ್ಟೆ. ಹೇಳದೆ ನಿರ್ವಾಹವಿರಲಿಲ್ಲ. ಊಟದ ಮನೆಯಲ್ಲಿ ಮೋಟರ್ ಇಟ್ಟುಕೊಂಡು ಕೂತಿದ್ದೆ. ಇವರು ಕುರ್ಚಿಯಿಂದ ಬಗ್ಗಿ ನೋಡಿ ಲೆಕ್ಕ ಶುರು ಮಾಡಿದರು.

ಇದು ಮನೆಯ ಕರೆಂಟಿಗೆ ಮಾಡಿದ್ದು. ಒಳಗೆ ಮುನ್ನೂರು ವೋಲ್ಟ್ ಹತ್ತಿರ ಓಡುತ್ತದೆ. ಅಷ್ಟನ್ನು ಗಂಡನ ಮೊಳಕಾಲಿನ ಮುಂದೆ ಇಡಲಾರೆ. ಸುರುಳಿಗಳು ಹನ್ನೆರಡು ಹನ್ನೆರಡು ಒಂದರ ಹಿಂದೆ ಒಂದು ಜೋಡಿಸಿವೆ. ಕತ್ತರಿಸಿ ಎರಡೆರಡರ ಗುಂಪು ಮಾಡಿ ಅಕ್ಕಪಕ್ಕ ಕೂಡಿಸಿದರೆ ನಲವತ್ತೆಂಟು ವೋಲ್ಟಿನ ಬ್ಯಾಟರಿ ಸಾಕು. ಇ-ರಿಕ್ಷಾದ ಕಂಟ್ರೋಲರ್, ಮೋಟರಿಗೆ ಕರೆಂಟ್ ಅಳೆದು ಕೊಡುವ ಡಬ್ಬಿ, ಓಡಿಸುತ್ತದೆ.

ತಂತಿಯ ಮೇಲಿನ ವಾರ್ನಿಷ್ ಬ್ಲೇಡಿನಿಂದ ಕೆರೆಯುತ್ತ ಕೂತೆ. ಇವರು ಬಲಗೈಯಲ್ಲಿ ಟಾರ್ಚ್ ಹಿಡಿದರು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದೇ ಕೆಲಸ ಮಾಡಿದ್ದು.

ಹೆಡ್ ಮೇಡಂ ಈಶ್ವರಿ ಅವರ ಫೋನು ಬಂತು. ಒಳ್ಳೆಯವರು. ಇಲಾಖೆಯ ಆಫೀಸಿನಲ್ಲಿ ಕೂತು ಮಾಡುವ ಕೆಲಸಕ್ಕೆ ಇವರ ಹೆಸರು ಬರೆದು ಕಳಿಸಲೇ ಎಂದು ಕೇಳಿದರು.

"ಅಲ್ಲಿ ಹುಡುಗ್ರು ಇರ್ತಾರೇನ್ರಿ ಮೇಡಂ?" ಎಂದರು ಇವರು.

ಇರುವುದಿಲ್ಲ ಎಂದಿರಬೇಕು. "ಜರಾ ತಡೀರಿ ಹಂಗಾದ್ರ" ಅಂದು ಇಟ್ಟರು.

ಇನ್ನು ನಾನು ಸೋಲುವ ಹಾಗಿಲ್ಲ. ಅದೇ ಹೆದರಿಕೆ.

ಜೂನ್ 14, ಶನಿವಾರ

ತಿರುಗಿತು.

ಮೊದಲು ನಡುಗಿ ನಿಂತಿತು. ಎರಡು ತಂತಿ ಅದಲುಬದಲು ಮಾಡಿದೆ. ಉಲ್ಟಾ ತಿರುಗಿತು. ಮತ್ತೆ ಬದಲಿಸಿದೆ. ಈಗ ಸರಿ. ಇವರು ಅಂಗೈ ತಾಗಿಸಿ ವೇಗ ಹೆಚ್ಚು ಕಡಿಮೆ ಮಾಡಲು ಹೇಳಿದರು. ಕೈ ತೆಗೆಯಲೇ ಇಲ್ಲ.

ಬ್ಯಾಟರಿ ಹೊಸದು. ಹಳೆಯ ಸೆಲ್ಲು ಬೇಡವೇ ಬೇಡ ಎಂದು ಹಠ ಹಿಡಿದಿದ್ದೆ. ಆದರೂ ಚಾರ್ಜಿಗೆ ಇಟ್ಟಾಗ ಪಕ್ಕದಿಂದ ಏಳಲಿಲ್ಲ. ಬೆಂಕಿ ಹತ್ತಿದರೆ ಸುರಿಯಲೆಂದು ಬಕೆಟ್ಟಿನಲ್ಲಿ ಮರಳು ತುಂಬಿ ಇಟ್ಟುಕೊಂಡೆ. ಇವರು ನೋಡಿ, "ಬಾಂಬ್ ಇಟ್ಟೀ ಏನು ಮನ್ಯಾಗ?" ಎಂದು ನಕ್ಕರು.

ನಗು ಬರಲಿಲ್ಲ.

ಜೂನ್ 19, ಗುರುವಾರ

ವೆಲ್ಡಿಂಗ್ ಅಂಗಡಿಯ ಹುಡುಗ ಖಾಲಿದ ಚೌಕಟ್ಟು ಮಾಡಿ ಕೊಟ್ಟ. ಮಕ್ಕಳ ಸೈಕಲ್ಲಿನ ಗಾಲಿ, ಅದರ ಬದಿಗೆ ಮೋಟರ್, ನಡುವೆ ಚೈನು. ವೀಲ್‌ಚೇರಿಗೆ ಎರಡು ಕೊಂಡಿ. ಸಿಕ್ಕಿಸಿ ಕೆಳಗೊತ್ತಿದರೆ ಮುಂದಿನ ಸಣ್ಣ ಗಾಲಿಗಳು ನೆಲ ಬಿಡುತ್ತವೆ. ಹಿಂದೆರಡು ದೊಡ್ಡವು, ಮುಂದೆ ಇದು. ಮೂರು. ಹ್ಯಾಂಡಲ್ ಬಾಗಿಲಲ್ಲಿ ಹಾಯಲೆಂದು ಮಡಚುವ ಹಾಗಿದೆ. ಎಕ್ಸಲೇಟರೂ ಬ್ರೇಕೂ ಎರಡೂ ಬಲಗೈಗೆ.

ನಾನೇ ಕೂತು ಓಣಿಯಲ್ಲಿ ಓಡಿಸಿದೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಎಲ್ಲೋ ಏನೋ ಬಿಟ್ಟಿದ್ದೇನೆ ಅನಿಸುತ್ತಿದೆ. ನಟ್ಟು ಎಲ್ಲ ಮತ್ತೆ ಬಿಗಿದೆ. ಬಿಗಿದದ್ದನ್ನೇ ಬಿಗಿದೆ.

ಶಾಲೆಯ ದಾರಿಯಲ್ಲಿ ಒಂದು ಇಳಿಜಾರು ಇದೆ. ಸ್ಕೂಟಿಯಲ್ಲಿ ಹೋಗುವಾಗ ಅದು ಇಳಿಜಾರು ಎಂದೇ ಗೊತ್ತಿರಲಿಲ್ಲ.

ಜೂನ್ 22, ಭಾನುವಾರ, ಬೆಳಿಗ್ಗೆ

ಮೈದಾನಕ್ಕೆ ಹೊರಟಿದ್ದೇವೆ. ಇವರು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡಿದ್ದಾರೆ. ಮೈದಾನಕ್ಕೆ ಯಾಕೆ ಇಸ್ತ್ರಿ ಎಂದು ಕೇಳಲಿಲ್ಲ.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡು ಸುತ್ತು ಹಾಕಿದರು. ಸಲೀಸಾಗಿ. ಮೂರನೆಯದರಲ್ಲಿ ಒಮ್ಮೆಲೇ ಗಾಡಿ ಕಿತ್ತುಕೊಂಡು ಓಡಿತು. ಜೋರಾಗಿ ಓಡಿಸುತ್ತಿದ್ದಾರೆ ಎಂದುಕೊಂಡೆ. ಇವರು ಬಲಗೈ ಮೇಲೆತ್ತಿ ತೋರಿಸಿದರು — ಕೈ ಎಕ್ಸಲೇಟರಿನ ಮೇಲೆ ಇರಲಿಲ್ಲ. ಗಾಡಿ ಓಡುತ್ತಲೇ ಇತ್ತು. ಮತ್ತೆ ಕೈ ಹಾಕಿ ಬ್ರೇಕ್ ಹಿಡಿದರು. ಬ್ರೇಕು ಕಿರ್ರೆಂದಿತು, ಮೋಟರ್ ಕೇಳಲಿಲ್ಲ. ನಾನು ಓಡಿದೆ. ಎಷ್ಟು ಓಡಿದರೂ ಮುಟ್ಟಲಿಲ್ಲ. ಮುರುಮು ಮಣ್ಣಿನ ಗುಡ್ಡೆ ಹತ್ತಿ ಕುರ್ಚಿ ಪಕ್ಕಕ್ಕೆ ಉರುಳಿತು. ಗಾಲಿ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಬ್ಯಾಟರಿಯ ಪ್ಲಗ್ ಕಿತ್ತೆ.

ಹುಬ್ಬಿನ ಮೇಲೆ ಸೀಳಿದೆ. ಮೂರು ಹೊಲಿಗೆ. ಎತ್ತಿ ಕೂರಿಸಿದಾಗ, "ನಂಗ ಏನೂ ಆಗಿಲ್ಲ, ನೀ ಉಸುರು ತಗೋ" ಎಂದರು.

ಏನೂ ಆಗಿಲ್ಲ ಎಂದು ಇವರಿಗೆ ಹೇಗೆ ಗೊತ್ತಾಗಬೇಕು? ಕಾಲಿನ ಸುದ್ದಿ ಇವರಿಗೆ ಬರುವುದಿಲ್ಲ. ದಿನಾ ನಾನೇ ಕಾಲು ತಿರುಗಿಸಿ ನೋಡಿ ಹೇಳಬೇಕು. ಮನೆಗೆ ಬಂದು ಪ್ಯಾಂಟು ತೆಗೆದು ನೋಡಿದೆ. ಬಲಗಾಲಿನ ಪಾದದ ಕೀಲು ಊದಿದೆ. ಒತ್ತಿದೆ. ಇನ್ನೂ ಒತ್ತಿದೆ. ಇವರು ಕಿಟಕಿ ಕಡೆ ನೋಡುತ್ತಿದ್ದರು. ಎಲ್ಲಿ ಮುಟ್ಟಿದ್ದೇನೆಂದೂ ಗೊತ್ತಿಲ್ಲ.

ಜೂನ್ 23, ಸೋಮವಾರ

ಎಕ್ಸರೇ. ಎಲುಬು ಬಿರುಕು ಬಿಟ್ಟಿದೆ. ಮೊಳಕಾಲ ತನಕ ಪ್ಲಾಸ್ಟರ್. ಆರು ವಾರ. ನೋವಿದೆಯೇ ಎಂದು ಡಾಕ್ಟರು ಅಭ್ಯಾಸಬಲದಿಂದ ಕೇಳಿದರು. ಇವರು ನನ್ನ ಕಡೆ ತೋರಿಸಿ, "ಅಕಿಗಿ ಕೇಳ್ರಿ" ಎಂದರು.

ಸಂಜೆ ಹ್ಯಾಂಡಲ್ ಬಿಚ್ಚಿದೆ. ಎಕ್ಸಲೇಟರಿನಿಂದ ಮೂರು ತಂತಿ ಬರುತ್ತವೆ. ಮಡಚುವ ಜಾಗದಲ್ಲಿ ಉಜ್ಜಿ ಉಜ್ಜಿ ಕಪ್ಪು ತಂತಿ ಒಳಗೇ ತುಂಡಾಗಿದೆ. ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ, ನೋಡಿದರೆ ಗೊತ್ತಾಗುವುದಿಲ್ಲ. ಗಾಲಿ ಎತ್ತಿ ನಿಲ್ಲಿಸಿ ಬೇಕೆಂದೇ ಕಪ್ಪು ತಂತಿ ತೆಗೆದು ನೋಡಿದೆ. ಯಾರೂ ಮುಟ್ಟದೆ ಪೂರ್ತಿ ವೇಗ.

ಕಪ್ಪು ತಂತಿ ಕಡಿದರೆ ಗಾಡಿ ನಿಲ್ಲುತ್ತದೆ ಎಂದುಕೊಂಡಿದ್ದೆ. ಬಟ್ಟೆ ಒಗೆಯುವ ಮಷೀನಿನಲ್ಲಿ ಯಾವ ತಂತಿ ಕಡಿದರೂ ಅದು ನಿಲ್ಲುತ್ತದೆ. ಅದೊಂದನ್ನೇ ನಂಬಿದ್ದೆ.

ಇದು ಒಂದು ತಂತಿ. ಇನ್ನೂ ಎಷ್ಟು ಇವೆ.

ಜೂನ್ 24, ಮಂಗಳವಾರ

ಭಾವ ಬಂದರು. ಗೋರಖನಾಥ, ಇವರ ಅಣ್ಣ. ಊರಿನಿಂದ, ಎಕಂಬಾದಿಂದ, ಟಂಟಂ ಆಟೋ ತೆಗೆದುಕೊಂಡು ಬೆಳಿಗ್ಗೆಯೇ. ಇವರು ಬಿದ್ದ ಮೊದಲ ಎಂಟು ತಿಂಗಳು ಹೊಲ ಬೇರೆಯವರಿಗೆ ಬಿಟ್ಟು ನಮ್ಮ ಮನೆಯಲ್ಲೇ ಇದ್ದರು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನಾ ಅವರೇ ಎತ್ತಿದ್ದು. ಈಗಲೂ ಬಂದರೆ ತಮ್ಮನನ್ನು ಯಾರೂ ಮುಟ್ಟಲು ಬಿಡುವುದಿಲ್ಲ.

ಪ್ಲಾಸ್ಟರ್ ನೋಡಿದರು. ಹುಬ್ಬು ನೋಡಿದರು. ಪಡಸಾಲೆಯ ಮೂಲೆಯಲ್ಲಿದ್ದ ಗಾಲಿ ನೋಡಿದರು.

"ನಿಂಗ ಬೈಲಾಕ ಬಂದಿಲ್ಲವ್ವಾ. ನೀ ಒಳ್ಳೇದಕ್ಕೇ ಮಾಡಿ. ಖರೆ ಇದು ಸಾಕು."

"ಅಣ್ಣಾ, ಅದು ಇಲ್ಲೇ ಇರ್ಲಿ" ಎಂದರು ಇವರು.

"ಇಲ್ಲೇ ಇದ್ರ ನೀ ಕೂಡ್ತಿ. ನಂಗ ಗೊತ್ತದ."

ಎತ್ತಿ ಟಂಟಂನಲ್ಲಿ ಹಾಕಿದರು. ಬ್ಯಾಟರಿಯನ್ನೂ. ನಾನು ಕೊಂಡಿ ಜಾರುತ್ತದೆಂದು ಹಗ್ಗ ಕೊಟ್ಟೆ. ಇವರು ಅದನ್ನು ನೋಡಿದರು.

ಹೋದದ್ದೇ ಒಳ್ಳೆಯದಾಯಿತು. ಮನೆ ಹಗುರಾದ ಹಾಗಿದೆ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ.

ಜುಲೈ 19, ಶನಿವಾರ

ಬರೆಯಲು ಏನೂ ಇರಲಿಲ್ಲ. ಮಷೀನು ಬಂದವು, ಹೋದವು. ರಿಪೇರಿಗೆಂದು ಮನ್ನಳ್ಳಿಗೆ ಎರಡು ಸಲ ಹೋದೆ. ಇವರು ಟಿವಿ ನೋಡುತ್ತಾರೆ. ಸದ್ದು ಬಂದ್ ಮಾಡಿ ನೋಡುತ್ತಾರೆ. ವಾಯುಪಡೆಯ ವಿಮಾನಗಳು ಮೇಲೆ ಸುತ್ತು ಹೊಡೆದರೆ ಮಾತ್ರ ತಲೆ ಎತ್ತುತ್ತಾರೆ.

ಇವತ್ತು ಊಟಕ್ಕೆ ಕೂತಾಗ, ನಾನು ಕೇಳದೆಯೇ —

"ಬಿದ್ದದ್ದು ಒಂದೇ ನೋಡ್ದಿ ನೀ. ಅದಕಿನ್ನ ಮೊದ್ಲಿಂದು ಕೇಳಲೇ ಇಲ್ಲ."

"ಏನ್ರಿ?"

"ಎರಡು ಸುತ್ತು. ಮೊದಲನೇದ್ರಾಗ ನಂಗೂ ಜೀವ ಕೈಯಾಗಿತ್ತು. ಎರಡನೇದ್ರಾಗ ಬೇವಿನ ಗಿಡದ ಹತ್ರ ತಿರಗಬೇಕಾಗಿತ್ತಲ್ಲಾ, ತಿರಗಲಿಲ್ಲ. ಇನ್ನೂ ಮುಂದ ಹೋಗಿ ತಿರಗ್ದೆ. ಯಾರಿಗೂ ಕೇಳಲಿಲ್ಲ. ಒಂದೂವರಿ ವರ್ಷದಾಗ ಒಂದ್ ಮಾರು ದಾರಿ ನಂದೇ ಮರ್ಜಿಲಿಂದ ಹೋಗಿದ್ದಿಲ್ಲ ಕರುಣಾ."

ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

"ನೀ ಹೆದ್ರಿ. ಹೆದರು, ಬ್ಯಾಡ ಅನ್ನಂಗಿಲ್ಲ. ಹೆದರಕೋತನೇ ಮಾಡು."

ತಟ್ಟೆ ತೊಳೆಯುವಾಗ ನನಗೆ ಸಿಟ್ಟು ಬಂತು. ಬೀಳುವವರು ಇವರು, ಓಡಿ ಮುಟ್ಟದೆ ಇದ್ದವಳು ನಾನು. ಆ ಓಟ ಇವರು ನೋಡಿಲ್ಲ. ಬೆನ್ನು ನನ್ನ ಕಡೆ ಇತ್ತು.

ಜುಲೈ 23, ಬುಧವಾರ

ಓಣಿಯ ಹೋತ ಒಳಗೆ ನುಗ್ಗಿತು. ಇವರ ಮಡಿಲಿನ ಪೇಪರಿಗೆ ಬಾಯಿ ಹಾಕಿತು. ಇವರು ಎಡ ಮುಂಗೈಯಿಂದ ಅದರ ಕುತ್ತಿಗೆಗೆ ಕೊಟ್ಟು ತಳ್ಳಿದರು. ಬಾಗಿಲ ತನಕ ಹಿಂದಕ್ಕೆ ಸರಿಯಿತು. ಇವರಿಗೆ ಅದು ಗಮನಕ್ಕೂ ಬರಲಿಲ್ಲ. ಪೇಪರ್ ಸರಿಮಾಡಿಕೊಂಡರು.

ನಾನು ಬೆರಳನ್ನೇ ನೋಡುತ್ತಿದ್ದೆ ಇಷ್ಟು ದಿನ. ಬೆರಳು ಮುಚ್ಚುವುದಿಲ್ಲ ನಿಜ. ಮೊಣಕೈಯಲ್ಲಿ ಹೋತ ತಳ್ಳುವ ಬಲ ಇದೆ.

ಬ್ರೇಕು ಎಡಕ್ಕೆ ಹಾಕಬಹುದು. ಹಿಡಿಯುವುದು ಬೇಡ, ಒತ್ತುವುದು. ಅಗಲ ಪಟ್ಟಿ. ಮೇಲೆ ರಬ್ಬರ್. ಅದನ್ನು ಒತ್ತಿದ ಕೂಡಲೇ ಮೋಟರಿನ ಕರೆಂಟೂ ಬಂದ್ ಆಗಬೇಕು. ಇನ್ನೊಂದು — ಶರ್ಟಿನ ಗುಂಡಿಯಿಂದ ಬ್ಯಾಟರಿಯ ಪ್ಲಗ್ಗಿಗೆ ಒಂದು ದಾರ. ಉರುಳಿದರೆ, ಇಲ್ಲವೇ ಎಳೆದರೆ, ಪ್ಲಗ್ ಕಿತ್ತು ಬರಬೇಕು. ಮಡಚುವ ಹ್ಯಾಂಡಲ್ ಬೇಡ. ತಂತಿ ಕಡಿದರೆ ತಾನೇ ನಿಲ್ಲುವ ಕಂಟ್ರೋಲರ್ ಇದೆಯಂತೆ, ಸಮದ ಭಾಯಿ ಹೈದರಾಬಾದಿನಿಂದ ತರಿಸಿಕೊಡುತ್ತಾರೆ. ಬಂದ ಮೇಲೆ ನಾನೇ ಕಡಿದು ನೋಡುತ್ತೇನೆ. ಯಾರ ಮಾತೂ ನಂಬುವುದಿಲ್ಲ.

ಗಾಲಿ ಎಕಂಬಾದಲ್ಲಿದೆ.

ಆಗಸ್ಟ್ 1, ಶುಕ್ರವಾರ

ಹೊಸ ಕಂಟ್ರೋಲರ್ ಬಂತು. ಬ್ರೇಕಿನ ಪಟ್ಟಿ ಖಾಲಿದ ಮಾಡಿಕೊಟ್ಟ. ಭಾವನಿಗೆ ಫೋನ್ ಮಾಡಿದೆ.

"ಭಾವ, ಅದು ಬೇಕಾಗ್ಯದ್ರಿ."

"ಕೊಡಂಗಿಲ್ಲವ್ವಾ."

ಇವರು ಫೋನ್ ಕಸಿದುಕೊಂಡರು. "ಅಣ್ಣಾ, ನೀ ಕೊಡ್ಲಿಲ್ಲಂದ್ರ ಅಕಿ ಇನ್ನೊಂದು ಮಾಡ್ತಾಳ. ಅದು ಹ್ಯಾಂಗಿರ್ತದೋ ನಿಂಗ ಗೊತ್ತಿರಂಗಿಲ್ಲ. ಇದಾದ್ರ ನಿನ್ನ ಕಣ್ಣ ಮುಂದ ಅದ."

ಆ ಕಡೆ ಎತ್ತಿನ ಗಂಟೆ ಕೇಳಿಸಿತು.

"ಪ್ಲಾಸ್ಟರ್ ಎಂದ ತಗಿತಾರ?"

"ನಾಳಿ."

"ಐತವಾರ ಬರ್ತೇನಿ. ಇಬ್ಬರಿಗೂ ಇಲ್ಲಿಗಿ ಕರ್ಕೊಂಡ ಬರ್ತೇನಿ. ಏನ್ ಮಾಡೂದದ ನನ್ನ ಮುಂದ ಮಾಡ್ರಿ."

ಆಗಸ್ಟ್ 3, ಭಾನುವಾರ, ಎಕಂಬಾ

ಭಾವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಅಣ್ಣ ತಮ್ಮ ಮಾತಾಡುತ್ತಿದ್ದಾರೆ, ಈ ವರ್ಷದ ಹೆಸರುಕಾಳಿನ ಬೆಳೆ ಹೇಗಿದೆ ಎಂದು.

ಗಾಲಿಯನ್ನು ಭಾವ ಜೋಳದ ಚೀಲ ಹೊದಿಸಿ ಮಂಚದ ಕೆಳಗೆ ಇಟ್ಟಿದ್ದರು. ಚೈನಿಗೆ ಎಣ್ಣೆ ಹಾಕಿದ್ದರು. ಯಾಕೆ ಎಂದು ಕೇಳಿದರೆ, "ಜಂಗ್ ಹಿಡಿತದಲ್ಲಾ" ಎಂದು ಆಚೆ ನೋಡಿದರು.

ಬೆಳಿಗ್ಗೆಯೆಲ್ಲ ಜೋಡಿಸಿದೆ. ಇವರನ್ನು ಭಾವ ಎತ್ತಿ ಬೇವಿನ ಕೆಳಗಿನ ಮಂಚದ ಮೇಲೆ ಕೂರಿಸಿದರು. ಕುರ್ಚಿ ಖಾಲಿ. ಮೊದಲು ನಾನು ಓಡಿಸುತ್ತೇನೆ ಎಂದೆ.

"ನೀ ಬ್ಯಾಡ. ನಾ ಕೂಡ್ತೇನಿ."

"ಭಾವ, ನೀವು ಭಾರ ಆಗ್ತೀರಿ."

"ಆಗ್ಲಿ. ನನ್ನ ಎಳದ್ರ ಅವನಿಗಿ ಎಳೀತದ." ಕೂತರು. ಕುರ್ಚಿಯ ಎರಡೂ ಬದಿಗೆ ಒತ್ತಿಕೊಂಡಿತು. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು. "ಕಾಲ ಕಟ್ಟು."

"ಯಾಕ್ರಿ?"

"ಹೆದರಿಕಿ ಆದ್ರ ಕಾಲ ಊರ್ತೇನಿ ನಾ. ಅವನು ಊರಲಾಕ ಬರ್ತದೇನು? ಕಟ್ಟು ತಂಗಿ. ಎಡಗೈ ಬೆರಳಿಗೂ ಕಟ್ಟು."

ಕಟ್ಟಿದೆ. ಮಂಚದ ಮೇಲಿಂದ ಇವರು ಗಂಟನ್ನೇ ನೋಡುತ್ತಿದ್ದರು.

ಹೊಲದ ದಾರಿ ಕೆರೆಯ ಕಡೆ ಇಳಿಯುತ್ತದೆ. ಭಾವ ಹೊರಟರು. ನಾನು ಪಕ್ಕದಲ್ಲಿ ನಡೆದೆ. ಅವರ ದವಡೆ ಬಿಗಿದಿತ್ತು, ಬೆವರು ಇಳಿಯುತ್ತಿತ್ತು. ಇಳಿಜಾರು ಬಂತು. "ಒತ್ರಿ" ಎಂದೆ. ಮುಂಗೈ ಒತ್ತಿದರು. ನಿಂತಿತು. ಮತ್ತೆ ಹೊರಟರು. ದಾರ ಎಳೆಯಿರಿ ಎಂದೆ. ಎಳೆದರು, ಮೋಟರ್ ಸತ್ತಿತು.

ಹಿಂದಿನಿಂದ ಇವರು ಕೂಗಿದರು — "ಕಪ್ಪು ತಂತಿ ಕಿತ್ತು ನೋಡು ಕರುಣಾ."

ಅದನ್ನು ಮಾಡಬೇಕೆಂದೇ ನಡುವೆ ಒಂದು ಪ್ಲಗ್ ಇಟ್ಟಿದ್ದೆ. ಬೆಳಿಗ್ಗೆ ಜೋಡಿಸಿದ ಮೇಲೆ ಗಾಲಿ ಎತ್ತಿ ನಿಲ್ಲಿಸಿ ಹತ್ತಾರು ಸಲ ಕಿತ್ತು ನೋಡಿದ್ದೆ. ಮನುಷ್ಯ ಕೂತಾಗ ನೋಡಿರಲಿಲ್ಲ. ಭಾವನಿಗೆ ಹೇಳಿದೆ — ಇದೇ ತಂತಿ ಅವತ್ತು ಕಡಿದದ್ದು.

"ಕಿತ್ತಲಾಕ ಹೇಳ್ಯಾನಲ್ಲಾ, ಕೀಳು."

ಬ್ಯಾಟರಿಯ ಪ್ಲಗ್ ಮತ್ತೆ ಸಿಕ್ಕಿಸಿದೆ. ಗಾಡಿ ಹೊರಟಿತು. ಜೊತೆಗೆ ಓಡುತ್ತ ಕೈ ಹಾಕಿದೆ. ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ಕಿತ್ತೆ. ಕಣ್ಣು ಮುಚ್ಚಿಕೊಂಡೆ.

ಸದ್ದು ನಿಂತಿತು. ಕಣ್ಣು ತೆರೆದರೆ ಗಾಡಿ ಉಸಿರು ಬಿಟ್ಟ ಹಾಗೆ ನಿಧಾನಿಸಿ ಎರಡು ಮಾರು ಮುಂದೆ ನಿಂತಿತ್ತು. ತಾನೇ ನಿಂತ ಮೇಲೆ ಭಾವ ಮುಂಗೈ ಒತ್ತಿದರು, ಒತ್ತಿ ಹಿಡಿದುಕೊಂಡೇ ಇದ್ದರು.

ಟವೆಲ್ ಬಿಚ್ಚಲು ಹೋದೆ. "ತಡಿ" ಎಂದರು. ಹಾಗೇ ಕೂತರು. ಯಾರೋ ಎಮ್ಮೆ ಹೊಡೆದುಕೊಂಡು ಬಂದರು, ಜೈಭೀಮ ಅಂದರು, ಇದೇನು ಎಂದು ನಿಂತು ನೋಡಿದರು. ಎಮ್ಮೆಯವರು ಹೋದ ಮೇಲೆ ಭಾವ ಮೆಲ್ಲಗೆ ಅಂದರು —

"ದಿನಾ ಎತ್ತತಿದ್ದೆ. ಇದ್ರಾಗ ಕೂತಿದ್ದಿಲ್ಲ."

ಆಮೇಲೆ ಇವರು ಓಡಿಸಿದರು. ಭಾವ ನನ್ನ ಪಕ್ಕ ನಿಂತು ನೋಡಿದರು. ನಾನು ಓಡಲು ಚಪ್ಪಲಿ ಬಿಟ್ಟು ತಯಾರಾಗಿದ್ದೆ. ಓಡುವ ಪ್ರಸಂಗ ಬರಲಿಲ್ಲ.

ಆಗಸ್ಟ್ 10, ಭಾನುವಾರ

ಬೀದರಿನಲ್ಲಿ, ಶಾಲೆಯ ದಾರಿಯಲ್ಲಿ ವಾರವಿಡೀ ಅಭ್ಯಾಸ. ಇಳಿಜಾರು ಸೇರಿ. ನಾನು ಹಿಂದೆ ಸ್ಕೂಟಿಯಲ್ಲಿ. ನಿನ್ನೆ ನಾಯಿ ಅಡ್ಡ ಬಂತು, ಇವರು ನಿಲ್ಲಿಸಿದರು, ನಾನು ಇವರಿಗೇ ಗುದ್ದುವುದೊಂದು ಬಾಕಿ.

ಚೈನು ಒಮ್ಮೆ ಕಳಚಿತು. ಬಿಗಿ ಮಾಡಿದೆ. ಮೋಟರ್ ಮುಟ್ಟಿದರೆ ಬೆಚ್ಚಗೆ, ಅಷ್ಟೇ.

ಎಲ್ಲ ಸರಿಯಿದೆ. ನಟ್ಟು ಮತ್ತೊಮ್ಮೆ ಬಿಗಿದೆ.

ಆಗಸ್ಟ್ 17, ಭಾನುವಾರ

ನಾಳೆ ಶಾಲೆ. ಈಶ್ವರಿ ಮೇಡಂ ಒಂಬತ್ತನೇ ಕ್ಲಾಸನ್ನು ಕೆಳಗಿನ ಕೋಣೆಗೆ ತಂದಿದ್ದಾರಂತೆ. ಬಾಗಿಲಿಗೆ ಸಿಮೆಂಟಿನ ಸಣ್ಣ ಇಳಿಜಾರು ಮಾಡಿಸಿದ್ದಾರಂತೆ.

ಮಳೆ ಬಂದರೆ? ಕಂಟ್ರೋಲರ್ ಡಬ್ಬಿಗೆ ಹಾಲಿನ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆದೆ. ಟಯರ್ ಪಂಕ್ಚರ್ ಆದರೆ? ಯಾರಾದರೂ ಹಾರ್ನ್ ಹೊಡೆದು ಗಾಬರಿ ಮಾಡಿದರೆ? ಇವರಿಗೆ ಒಂದೊಂದೇ ಕೇಳುತ್ತ ಹೋದೆ. ಎಲ್ಲಕ್ಕೂ "ನಿಂದ್ರತೇನಿ" ಅಂದರು.

"ನಿಂತಲ್ಲೇ ನಿಂತ್ರ?"

"ಫೋನ್ ಮಾಡ್ತೇನಿ. ನಿನ್ನಂಥ ಮೆಕ್ಯಾನಿಕ್ ಬೀದರ್‌ದಾಗ ಎಲ್ಲಿ ಸಿಗ್ತಾಳ."

ಆಗಸ್ಟ್ 18, ಸೋಮವಾರ, ಬೆಳಿಗ್ಗೆ

ಹೋದರು.

ದಾರ ಗುಂಡಿಗೆ ನಾನೇ ಕಟ್ಟಿದೆ. ಮುಂಗೈ ಪಟ್ಟಿಯ ಮೇಲೆ ಸರಿ ಕೂತಿದೆಯೇ ನೋಡಿದೆ. ಕಾಲಿನ ಬೆಲ್ಟ್ ನೋಡಿದೆ. ಮತ್ತೆ ದಾರ ನೋಡಿದೆ.

"ಹಿಂದ ಬರಬ್ಯಾಡ" ಎಂದರು.

"ಬರಂಗಿಲ್ರಿ."

ನನ್ನ ಮುಷ್ಟಿ ನೋಡಿದರು. ಬಿಚ್ಚಿದೆ. ಸ್ಕೂಟಿಯ ಕೀಲಿ. ಅದನ್ನು ತೆಗೆದು ತಮ್ಮ ಶರ್ಟಿನ ಜೇಬಿಗೆ ಹಾಕಿಕೊಂಡು ಹೊರಟರು. ಓಣಿಯ ಕೊನೆ ತನಕ ಕಂಡರು. ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಹ್ಯಾಂಡಲ್ ಅಲುಗುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದು.

ಅಂಗಡಿ ತೆರೆದಿಲ್ಲ. ಮೊಬೈಲ್ ಮುಂದಿಟ್ಟುಕೊಂಡು ಕೂತಿದ್ದೇನೆ. ಶಾಲೆ ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದರು. ಇಳಿಜಾರಿನ ಹತ್ತಿರ ಈಗ ಇರಬೇಕು. ಈಗ ದಾಟಿರಬೇಕು. ಲಾರಿಯ ಹಾರ್ನ್ ಕೇಳಿದರೆ ಎದ್ದು ನಿಲ್ಲುತ್ತೇನೆ.

ಈಶ್ವರಿ ಮೇಡಂ ಫೋನು. ಮೊದಲ ರಿಂಗಿಗೇ ಎತ್ತಿದೆ.

"ಬಂದ್ರು ನೋಡ್ರಿ ಕರುಣಾ. ಎತ್ತಲಾಕ ಅಂತ ಹುಡುಗ್ರು ಗೇಟಿನಾಗ ನಿಂತಿದ್ರು. ಸರ್ ಅವರ ನಡಕಿಂದ ಹಾದು ಹೋದ್ರು. ಸೀದಾ ಕ್ಲಾಸಿಗಿ. ಹಾಜರಿ ಹಾಕಿಲ್ಲ ಇನ್ನ, ಪಾಠ ಸುರು ಮಾಡ್ಯಾರ."

ಫೋನ್ ಮಾಡುವುದನ್ನು ಮರೆತಿದ್ದಾರೆ. ಮರೆಯಲಿ.

ಸಂಜೆ

ಶಾಲೆ ಬಿಟ್ಟು ಎಷ್ಟೋ ಹೊತ್ತಾಯಿತು. ಮಕ್ಕಳೆಲ್ಲ ಓಣಿ ದಾಟಿ ಹೋದರು. ಮೋಡ ಹಾಕಿದೆ. ಫೋನು ಎತ್ತುತ್ತಿಲ್ಲ — ಓಡಿಸುವಾಗ ಎತ್ತಬೇಡಿ ಎಂದು ಹೇಳಿದವಳು ನಾನು.

ಚಹಾ ಇಟ್ಟೆ. ಆರಿತು. ಮತ್ತೆ ಇಟ್ಟೆ.

ಓಣಿಯಲ್ಲಿ ಚೈನಿನ ಸದ್ದು ಬಂತು. ಬಾಗಿಲ ಹತ್ತಿರ ಬಂತು. ನಿಲ್ಲಲಿಲ್ಲ. ಮನೆ ದಾಟಿ ಮುಂದೆ ಹೋಯಿತು. ಬರಿಗಾಲಲ್ಲಿ ಬೀದಿಗೆ ಓಡಿದೆ. ಮತ್ತೆ ಅದೇ, ಮತ್ತೆ ಮುಟ್ಟುವುದಿಲ್ಲ —

ಗಾಡಿ ನಿಧಾನವಾಗಿಯೇ ಹೋಗುತ್ತಿತ್ತು. ನನ್ನ ಕಾಲಿನ ಸದ್ದು ಕೇಳಿರಬೇಕು. ತಿರುಗದೆಯೇ ಅಂದರು, "ಜರಾ ಮುಂದ ಹೋಗಿ ಬರ್ತೇನಿ."

"ಎಲ್ಲಿಗ್ರಿ? ಏನ್ ಕೆಲಸ ಅದ ಅಲ್ಲಿ?"

"ಏನೂ ಇಲ್ಲ."

ಬೀದಿಯಲ್ಲೇ ನಿಂತೆ. ಮೂಲೆ ತಿರುಗಿ ಹೋದರು. ಒಳಗೆ ಬಂದು ಇಷ್ಟು ಬರೆದೆ. ಹನಿ ಬೀಳುತ್ತಿದೆ. ಟೇಪ್ ಹಿಡಿದುಕೊಂಡಿದೆಯೋ ಇಲ್ಲವೋ. ಬಾಗಿಲು ತೆರೆದೇ ಇಟ್ಟಿದ್ದೇನೆ. ಹಾಂ, ಬಂತು ಸದ್ದು, ಮೂಲೆಯಿಂದ, ಈ ಕಡೆಗೇ. ಹತ್ತಿರ ಬಂತು. ಬಾಗಿಲಿಗೆ ಬಂತು — ಮತ್ತೆ ದಾಟಿ ಹೋಯಿತು, ಅವತ್ತು ಬೇವಿನ ಗಿಡ ದಾಟಿದ ಹಾಗೆ, ಯಾರಿಗೂ ಕೇಳದೆ.